ಹೊಸ ವರ್ಷದ ಫಿಸಿಯೋಥೆರಪಿ: ಮಂಡಿಗೆ ಎಷ್ಟು ಕೆಲಸ ಕೊಡಬೇಕು?

ಜನವರಿ ಮೊದಲ ವಾರ ಬೆಂಗಳೂರಿನ ಯಾವ ಪಾರ್ಕಿಗಾದರೂ ಬೆಳಗ್ಗೆ ಆರೂವರೆಗೆ ಹೋಗಿ ನೋಡಿ. ವರ್ಷವಿಡೀ ಕಾಣದ ಮುಖಗಳು ಮಂಕಿ ಕ್ಯಾಪ್ ಹಾಕಿಕೊಂಡು, ಹೊಸ ಶೂ ಕಟ್ಟಿಕೊಂಡು, ಕೈ ಬೀಸಿ ಸುತ್ತು ಹೊಡೆಯುತ್ತಿರುತ್ತವೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಪಾರ್ಕ್ ಬಿಟ್ಟು ಫಿಸಿಯೋಥೆರಪಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿರುತ್ತಾರೆ. ಒಬ್ಬರಿಗೆ ಮಂಡಿ ಊದಿದೆ, ಇನ್ನೊಬ್ಬರಿಗೆ ಹಿಮ್ಮಡಿ ಊರಲಾಗುತ್ತಿಲ್ಲ. ಅದೇ ಬೆಂಚಿನಲ್ಲಿ ಇನ್ನೊಂದು ಬಗೆಯವರೂ ಇರುತ್ತಾರೆ: ದಸರಾ ಹೊತ್ತಿಗೇ ಡಾಕ್ಟರು ಚೀಟಿಯಲ್ಲಿ ‘ಫಿಸಿಯೋ, 10 ದಿನ’ ಎಂದು ಬರೆದುಕೊಟ್ಟಿದ್ದರೂ ‘ಹೊಸ ವರ್ಷಕ್ಕೆ ಶುರು ಮಾಡಿದರಾಯಿತು’ ಎಂದು ಮುಂದೂಡಿದವರು.

ಮೊದಲನೆಯವರು ದೇಹಕ್ಕೆ ಏಕಾಏಕಿ ಕೆಲಸ ಜಾಸ್ತಿ ಕೊಟ್ಟರು. ಎರಡನೆಯವರು ಬಹುಕಾಲ ಕೊಡಲೇ ಇಲ್ಲ. ಫಿಸಿಯೋಥೆರಪಿ ಎಂಬ ವಿದ್ಯೆ ನಿಂತಿರುವುದೇ ಇವೆರಡರ ನಡುವಿನ ಅಳತೆಯ ಮೇಲೆ. ಆ ಅಳತೆ ಎಂಥದ್ದು ಎಂಬುದನ್ನು ಮನೆಗೊಬ್ಬರಾದರೂ ದೂರುವ ಮಂಡಿಯನ್ನೇ ಇಟ್ಟುಕೊಂಡು ನೋಡೋಣ.

‘ಕರೆಂಟ್ ಕೊಡೋದು’ ಎಂದರೇನು?

ಫಿಸಿಯೋಥೆರಪಿ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ‘ಕರೆಂಟ್ ಕೊಡೋದು’. ಚರ್ಮಕ್ಕೆ ಪ್ಯಾಡ್ ಅಂಟಿಸಿ, ಜುಮ್ಮೆನ್ನುವಷ್ಟು ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಅಥವಾ ಐಎಫ್‌ಟಿ ಯಂತ್ರ ಅದು. ಅದರ ಜೊತೆಗೆ ಜೆಲ್ ಸವರಿ ಆಡಿಸುವ ಅಲ್ಟ್ರಾಸೌಂಡ್, ಬಿಸಿ ಮೇಣ, ಶಾಖದ ಪ್ಯಾಕ್. ಇವು ನೋವಿನ ಸದ್ದನ್ನು ಸ್ವಲ್ಪ ಹೊತ್ತು ತಗ್ಗಿಸಬಲ್ಲವು. ಬೀದಿ ಕೊನೆಯಲ್ಲಿ ಮೈಕು ಕಿರುಚುತ್ತಿರುವಾಗ ನಾವು ಫ್ಯಾನ್ ಜೋರು ಮಾಡಿಕೊಂಡಂತೆ. ಮೈಕು ನಿಂತಿರುವುದಿಲ್ಲ, ಆದರೆ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ನೋವು ತಗ್ಗಿದ ಆ ಸಮಯದಲ್ಲಿ ಕೀಲನ್ನು ಆಡಿಸಿ, ಸ್ನಾಯುವನ್ನು ದುಡಿಸಬೇಕು. ಚಿಕಿತ್ಸೆಯ ತಿರುಳು ಇರುವುದು ಅಲ್ಲಿ. ಹತ್ತು ದಿನ ಹೋಗಿ ಮಲಗಿ, ಕರೆಂಟ್ ಹಾಕಿಸಿಕೊಂಡು, ಎದ್ದು ಬಂದವರು ‘ಫಿಸಿಯೋ ಮಾಡಿಸಿದೆ, ಏನೂ ಉಪಯೋಗ ಆಗಲಿಲ್ಲ’ ಎನ್ನುವುದಕ್ಕೆ ಬಹುತೇಕ ಕಾರಣ ಇದೇ: ಅರ್ಧ ಕೆಲಸ ಆಗಿತ್ತು, ಅದೂ ಸುಲಭದ ಅರ್ಧ.

ಸರಳವಾಗಿ ಹೇಳುವುದಾದರೆ, ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ ಮತ್ತು ತಿಳಿವಳಿಕೆ, ಈ ಮೂರರ ಮೂಲಕ ಕಳೆದುಹೋದ ಚಲನೆಯನ್ನು ಮರಳಿ ತರುವುದು, ಇರುವುದನ್ನು ಉಳಿಸುವುದು ಫಿಸಿಯೋಥೆರಪಿ. 1813ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ಕಟ್ಟಿದ ಅಂಗಸಾಧನೆಯ ಸಂಸ್ಥೆಯಲ್ಲಿ ಇದರ ಬೇರುಗಳಿವೆ. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ನರ್ಸ್‌ಗಳು ಸೇರಿ ಇದಕ್ಕೊಂದು ವೃತ್ತಿಸಂಘ ಮಾಡಿಕೊಂಡರು. ಮೊದಲ ಮಹಾಯುದ್ಧದ ಗಾಯಾಳುಗಳು ಮತ್ತು ಪೋಲಿಯೋ ಪೀಡಿತ ಮಕ್ಕಳು ಈ ವಿದ್ಯೆಯನ್ನು ಬೆಳೆಸಿದರು. ಭಾರತದಲ್ಲೂ 1950ರ ದಶಕದಲ್ಲಿ ಮುಂಬೈಯಲ್ಲಿ ಇದರ ಶಿಕ್ಷಣ ಆರಂಭವಾದದ್ದರ ಹಿಂದೆ ಪೋಲಿಯೋ ಇತ್ತು. ಈ ಮಕ್ಕಳಿಗಾಗಲಿ ಆ ಸೈನಿಕರಿಗಾಗಲಿ ಮಾತ್ರೆ ಕೊಟ್ಟು ನಡೆಸುವಂತಿರಲಿಲ್ಲ. ಉಳಿದ ಸ್ನಾಯುಗಳನ್ನು ದಿನಾ ಸ್ವಲ್ಪ ಸ್ವಲ್ಪ ದುಡಿಸಿಯೇ ನಡೆಸಬೇಕಿತ್ತು.

ಮಂಡಿಯ ಒಳಗೆ

‘ಮಂಡಿ ಸವೆದಿದೆ’ ಎಂಬ ಮಾತು ಕೇಳಿದ ಕೂಡಲೇ ಗಾಡಿಯ ಟೈರು ನೆನಪಾಗುತ್ತದೆ. ಓಡಿಸಿದಷ್ಟೂ ಸವೆಯುತ್ತದೆ, ಹಾಗಾಗಿ ಓಡಿಸದಿರುವುದೇ ವಾಸಿ ಎನ್ನಿಸುತ್ತದೆ. ಹೋಲಿಕೆ ಸಹಜವಾದದ್ದೇ, ಆದರೆ ದಾರಿ ತಪ್ಪಿಸುತ್ತದೆ. ಟೈರು ತನ್ನನ್ನು ತಾನು ನೋಡಿಕೊಳ್ಳುವುದಿಲ್ಲ, ಮಂಡಿ ನೋಡಿಕೊಳ್ಳುತ್ತದೆ.

ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಈ ಹೊದಿಕೆಗೆ ರಕ್ತನಾಳಗಳಿಲ್ಲ. ಹಾಗಾದರೆ ಅದಕ್ಕೆ ಊಟ ಎಲ್ಲಿಂದ? ಕೀಲಿನೊಳಗಿನ ಜಿಗುಟು ದ್ರವದಿಂದ. ಪಾತ್ರೆ ಉಜ್ಜುವ ಸ್ಪಂಜನ್ನು ನೀರಿನಲ್ಲಿ ಒತ್ತಿ ಬಿಟ್ಟರೆ ಹೇಗೆ ಹಳೆಯ ನೀರು ಹೊರಬಂದು ಹೊಸ ನೀರು ಒಳಹೋಗುತ್ತದೆಯೋ, ಹಾಗೆ ಪ್ರತಿ ಹೆಜ್ಜೆಗೂ ಮೃದ್ವಸ್ಥಿ ಒತ್ತಿ, ಬಿಟ್ಟು, ದ್ರವವನ್ನು ಎಳೆದುಕೊಳ್ಳುತ್ತದೆ. ಕದಲದೆ ಕೂತರೆ ಈ ಉಣಿಸುವಿಕೆ ಕುಂಠಿತವಾಗುತ್ತದೆ. ಬೆಳಗ್ಗೆ ಎದ್ದಾಗ ಬಿಗಿದುಕೊಂಡ ಮಂಡಿ ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದನ್ನು ಎಷ್ಟೋ ಮಂದಿ ಗಮನಿಸಿರುತ್ತಾರೆ.

ಇನ್ನೊಂದು ಪಾತ್ರಧಾರಿ ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಹಳ್ಳಿ ರಸ್ತೆಯಲ್ಲಿ ಸ್ಪ್ರಿಂಗ್ ಪಟ್ಟಿ ಸೋತ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಪ್ರತಿ ಗುಂಡಿಯೂ ಬೆನ್ನಿಗೇ ಬಡಿಯುತ್ತದೆ. ತೊಡೆ ಸೋತ ಮಂಡಿಯದೂ ಅದೇ ಪಾಡು. ಮೆಟ್ಟಿಲು ಇಳಿಯುವಾಗ ಏಟನ್ನು ನುಂಗಿಕೊಳ್ಳಬೇಕಾದ ಸ್ನಾಯು ನುಂಗದಿದ್ದರೆ ಅದು ಕೀಲಿಗೆ ಹೋಗುತ್ತದೆ. ಇದರಲ್ಲೊಂದು ವಿಚಿತ್ರವಿದೆ. ಮಂಡಿ ಊದಿಕೊಂಡಾಗ ನರಮಂಡಲ ತೊಡೆಯ ಸ್ನಾಯುವಿಗೆ ಹೋಗುವ ಆದೇಶವನ್ನೇ ಕಡಿಮೆ ಮಾಡುತ್ತದೆ. ಅಂದರೆ ನೋವಿನಿಂದ ಸ್ನಾಯು ಸೋಲುತ್ತದೆ, ಸ್ನಾಯು ಸೋತು ನೋವು ಹೆಚ್ಚುತ್ತದೆ. ಈ ಸುತ್ತನ್ನು ಎಲ್ಲಾದರೊಂದು ಕಡೆ ಮುರಿಯಬೇಕು. ಫಿಸಿಯೋಥೆರಪಿಸ್ಟ್ ಮುರಿಯುವುದು ಸ್ನಾಯುವಿನ ಕಡೆಯಿಂದ.

ತೂಕದ ಲೆಕ್ಕವೂ ಇಲ್ಲೇ ಬರುತ್ತದೆ. ಮಂಡಿ ಸವೆತವಿದ್ದ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಹೆಜ್ಜೆಗೆ ಇಪ್ಪತ್ತು ಕಿಲೋ ಹಗುರ. ದಿನದ ಸಾವಿರಾರು ಹೆಜ್ಜೆಗೆ ಗುಣಿಸಿ ನೋಡಿಕೊಳ್ಳಿ.

ಹೊರೆಯೇ ಮದ್ದು, ಅದಕ್ಕೂ ಅಳತೆ ಇದೆ

ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಬರೆದರು. ಸ್ನಾಯುವಿಗೂ ಇದು ಸಲ್ಲುತ್ತದೆ, ಉಲ್ಟಾ ದಿಕ್ಕಿನಲ್ಲೂ ಸಲ್ಲುತ್ತದೆ. 2007ರ ಒಂದು ಅಧ್ಯಯನದಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇಟ್ಟರು. ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸ ಕರಗಿತು. ‘ರೆಸ್ಟ್ ತಗೊಳ್ಳಿ’ ಎಂಬ ಅಕ್ಕರೆಯ ಮಾತು ವಯಸ್ಸಾದವರ ಕಾಲಿಗೆ ಎಷ್ಟು ದುಬಾರಿ ಎಂಬುದು ಇದರಿಂದ ಅಂದಾಜಾಗುತ್ತದೆ.

ಹಾಗೆಂದು ಮೊದಲ ದಿನವೇ ದೇಹವನ್ನು ದಂಡಿಸಿದರೆ? ಗರಡಿಮನೆಯಲ್ಲಿ ಯಾವ ಉಸ್ತಾದರೂ ಹೊಸ ಹುಡುಗನಿಗೆ ಮೊದಲ ಬೆಳಗ್ಗೆಯೇ ನೂರು ಬಸ್ಕಿ ಹೊಡೆಸುವುದಿಲ್ಲ. ಹತ್ತಾದರೆ ನಾಳೆಯೂ ಹತ್ತು, ಆಚೆ ವಾರ ಹದಿನೈದು. ಫಿಸಿಯೋಥೆರಪಿಸ್ಟರು ‘ಪ್ರೋಗ್ರೆಷನ್’ ಎನ್ನುವುದು ಇದನ್ನೇ. ಸ್ನಾಯುವನ್ನು ಅದು ಈಗ ಮಾಡಬಲ್ಲದ್ದಕ್ಕಿಂತ ತುಸು ಹೆಚ್ಚು ದುಡಿಸಬೇಕು, ಮರುದಿನ ಅದು ಸುಧಾರಿಸಿಕೊಳ್ಳಲು ಬಿಡಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹೊರೆಗೆ ಒಗ್ಗುವುದು ಸ್ನಾಯುವಿಗಿಂತ ನಿಧಾನ; ಹಾಗಾಗಿಯೇ ಉಸಿರು, ಉತ್ಸಾಹ ಎರಡೂ ಸಾಥ್ ಕೊಡುತ್ತಿರುವಾಗ ಹಿಮ್ಮಡಿ ಮಾತ್ರ ಕೈಕೊಡುತ್ತದೆ.

ಇನ್ನೊಂದು ವಿಷಯ ಗೊತ್ತಿದ್ದರೆ ತಾಳ್ಮೆ ಬರುತ್ತದೆ. ಮೊದಲ ನಾಲ್ಕಾರು ವಾರ ಬಲ ಹೆಚ್ಚಿದರೂ ಕಾಲು ದಪ್ಪವಾಗುವುದಿಲ್ಲ. ಆಗ ಸುಧಾರಿಸುತ್ತಿರುವುದು ನರಗಳ ಆದೇಶ. ಲೋ ವೋಲ್ಟೇಜಿನಲ್ಲಿ ಒದ್ದಾಡುತ್ತಿದ್ದ ಹಳೆಯ ಪಂಪ್‌ಸೆಟ್ಟಿಗೆ ಪೂರ್ತಿ ಕರೆಂಟ್ ಬಂದಂತೆ, ಮೋಟಾರು ಅದೇ ಆದರೂ ನೀರು ಜೋರು. ಮೋಟಾರೇ ದೊಡ್ಡದಾಗಲು, ಅಂದರೆ ಸ್ನಾಯು ಬೆಳೆಯಲು, ಎರಡು ಮೂರು ತಿಂಗಳು ಹಿಡಿಯುತ್ತದೆ.

ಮೊದಲ ಭೇಟಿ

ಮೊದಲ ದಿನ ಹೆಚ್ಚು ಹೊತ್ತು ಮಾತಿನಲ್ಲೇ ಹೋದರೆ ಬೇಸರ ಬೇಡ, ಹಾಗೇ ಹೋಗಬೇಕು. ನೋವು ಎಂದಿನಿಂದ, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾಗುತ್ತದೆಯೇ, ಮನೆಯಲ್ಲಿ ಯಾವ ಥರದ ಶೌಚಾಲಯ ಇದೆ, ಇವೆಲ್ಲ ಪ್ರಶ್ನೆಗಳೇ. ಆಮೇಲೆ ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುತ್ತಾರೆ, ಕಾಲನ್ನು ಒತ್ತಿ ಹಿಡಿದು ‘ತಳ್ಳಿ ನೋಡೋಣ’ ಎನ್ನುತ್ತಾರೆ, ನಡೆಸಿ ನೋಡುತ್ತಾರೆ.

ಕೇಳದಿದ್ದರೂ ನೀವಾಗಿ ಹೇಳಬೇಕಾದವು ಕೆಲವಿವೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಕರೆಂಟಿನ ಯಂತ್ರ ಅಂಥವರಿಗಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಂತಿದ್ದರೆ ಹೇಳಿ, ಶಾಖ ಸುಡುತ್ತಿದ್ದರೂ ಗೊತ್ತಾಗದೆ ಬೊಬ್ಬೆ ಏಳಬಹುದು. ಬಿಪಿ, ಹೃದಯದ ತೊಂದರೆ, ಗರ್ಭ, ಹಿಂದಿನ ಆಪರೇಷನ್, ಇವೂ.

ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿ ಹಿಡಿದು ಬೆವರುತ್ತಾ ಬರುವವರಿಗೆ ಒಂದು ಸಮಾಧಾನ. ಬೆನ್ನುನೋವೇ ಇಲ್ಲದ ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ 2015ರ ಒಂದು ಸಮೀಕ್ಷೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲಿ ಶೇ 37 ಮಂದಿಗೆ, ಎಂಬತ್ತರವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಮುಖದ ಸುಕ್ಕಿಗೆ ಯಾರೂ ಕಾಯಿಲೆ ಎನ್ನುವುದಿಲ್ಲ. ರಿಪೋರ್ಟಿನಲ್ಲಿ ಕಾಣುವ ಸವೆತಗಳಲ್ಲಿ ಎಷ್ಟೋ ಒಳಗಿನ ಸುಕ್ಕು. ರಿಪೋರ್ಟನ್ನು ನೋವಿನ ಜೊತೆ, ಪರೀಕ್ಷೆಯ ಜೊತೆ ಇಟ್ಟು ಓದಬೇಕು.

ಮನೆಯಲ್ಲೇ ಒಂದು ಅಳತೆ

ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಹಿರಿಯರು ಬೀಳುವ ಅಪಾಯವನ್ನು ಅಂದಾಜು ಮಾಡಲು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯಲ್ಲಿ, 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಸರಾಸರಿಗಿಂತ ಕೆಳಗೆ. 70ರಿಂದ 74ರವರಿಗೆ ಆ ಗಡಿ 12 ಮತ್ತು 10. ನಿಮ್ಮ ಸಂಖ್ಯೆಯನ್ನು ಕ್ಯಾಲೆಂಡರಿನ ಜನವರಿ ಪುಟದಲ್ಲಿ ಬರೆದಿಡಿ. ತೂಕದ ಯಂತ್ರಕ್ಕಿಂತ ಇದು ಪ್ರಾಮಾಣಿಕ ಎಂದು ನನ್ನ ಅನಿಸಿಕೆ.

ಮಂಡಿಯವರಿಗೆ ಸಾಮಾನ್ಯವಾಗಿ ಹೇಳಿಕೊಡುವ ವ್ಯಾಯಾಮಗಳು ನೋಡಲು ಏನೂ ಅಲ್ಲ ಎನ್ನಿಸುವಂಥವು. ಕಾಲು ನೀಡಿ ಕೂತು, ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಐದು ಸೆಕೆಂಡ್ ಒತ್ತಿ ಬಿಡುವುದು. ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಅಡಿಯಷ್ಟು ಎತ್ತಿ ಇಳಿಸುವುದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಕುರ್ಚಿಯಿಂದ ಏಳುವುದು, ಕೂರುವುದು. ಊದಿಕೊಂಡು ಮುನಿಸಿಕೊಂಡಿರುವ ಮಂಡಿಗೆ ಮೊದಲೆರಡು, ಸಮಾಧಾನವಾಗಿರುವ ಮಂಡಿಗೆ ಕೊನೆಯೆರಡು ಹೊಂದುತ್ತವೆ. ಎಷ್ಟು ಸಲ ಎಂಬುದನ್ನು ಪರೀಕ್ಷಿಸಿದವರೇ ಹೇಳಬೇಕು. ಪಕ್ಕದ ಮನೆಯವರ ಚೀಟಿ ಅವರ ಮಂಡಿಗೆ ಬರೆದದ್ದು.

ಮೆಟ್ಟಿಲಿಗೊಂದು ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ನೋವಿರುವ ಕಡೆಯೇ ಹಿಡಿಯುವವರು ಬಹಳ. ಕೋಲು ಹಿಡಿದದ್ದರ ಲಾಭ ಅದರಿಂದ ಮುಕ್ಕಾಗುತ್ತದೆ.

ನೋವು ಬಂದರೆ ನಿಲ್ಲಿಸಬೇಕೇ?

ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ ನೋವು ಎಂದಿಟ್ಟುಕೊಳ್ಳಿ. ವ್ಯಾಯಾಮದ ಹೊತ್ತಿನಲ್ಲಿ ನೋವು ಮೂರು ನಾಲ್ಕರೊಳಗೆ ಇದ್ದು, ಮರುದಿನ ಬೆಳಗ್ಗೆ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಅಷ್ಟರಲ್ಲೇ ಮುಂದುವರಿಸಬಹುದು. ಮರುದಿನವೂ ನೋವು ಏರಿಯೇ ಇದ್ದರೆ, ಮಂಡಿ ಊದಿದ್ದರೆ, ಪ್ರಮಾಣ ಜಾಸ್ತಿಯಾಗಿದೆ ಎಂದರ್ಥ. ಆಗ ಪೂರ್ತಿ ಬಿಡಬೇಕಾಗಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ನಾಳೆಯಿಂದ ಸಾರೇ ಮಾಡುವುದಿಲ್ಲ ಎನ್ನುತ್ತೇವೆಯೇ? ಸಂಖ್ಯೆ ಇಳಿಸಿ ನೋಡಬೇಕು.

ಸ್ನಾಯು ದುಡಿದ ಮೈಕೈ ನೋವು ಬೇರೆ. ಅದು ಒಂದೆರಡು ದಿನ ಮಾಂಸದಲ್ಲಿ ಮೊಂಡಾಗಿ ಇರುತ್ತದೆ, ತಾನಾಗಿ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಮಂಡಿ ಸಿಕ್ಕಿಕೊಂಡಂತಾಗುವುದು, ನಡೆಯುವಾಗ ಕುಸಿಯುವುದು, ಇವನ್ನು ತೋರಿಸಬೇಕು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ: ಬೆನ್ನುನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪುವುದು ಅಥವಾ ತೊಡೆಸಂದಿ ಮರಗಟ್ಟುವುದು, ಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುವುದು, ಜ್ವರದ ಜೊತೆ ಕೆಂಪಗೆ ಬಿಸಿಯಾಗಿ ಊದಿದ ಕೀಲು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ನಡೆಯುವಾಗ ಎದೆ ಹಿಡಿದಂತಾಗುವುದು. ಇವು ವ್ಯಾಯಾಮದಿಂದ ಸರಿಹೋಗುವ ಸಂಗತಿಗಳಲ್ಲ.

21 ದಿನ, 66 ದಿನ

‘21 ದಿನ ಮಾಡಿದರೆ ಅಭ್ಯಾಸ ಆಗುತ್ತೆ’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಪ್ರತಿ ಜನವರಿಗೂ ಬರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹಿಂಬಾಲಿಸಿ ನೋಡಿದಾಗ, ಹೊಸ ಕೆಲಸವೊಂದು ಯೋಚಿಸದೆ ನಡೆಯುವ ಅಭ್ಯಾಸವಾಗಲು ಮಧ್ಯದ ಲೆಕ್ಕದಲ್ಲಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂತು. ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮ ನಿಧಾನ. ಜನವರಿ 1ಕ್ಕೆ ಶುರು ಮಾಡಿದವರಿಗೆ 66ನೆಯ ದಿನ ಮಾರ್ಚ್ 7. ಯುಗಾದಿಗೆ ಇನ್ನು ಸ್ವಲ್ಪವೇ ದಿನ ಉಳಿದಿರುತ್ತದೆ. ಕ್ಯಾಲೆಂಡರಿನ ಹೊಸ ವರ್ಷಕ್ಕೆ ಸಂಕಲ್ಪ, ನಮ್ಮ ಹೊಸ ವರ್ಷಕ್ಕೆ ಅಭ್ಯಾಸ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಆ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ ಎನ್ನಿಸುತ್ತದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ. ಊರಿನಲ್ಲಿ ಮದುವೆ, ಮನೆಗೆ ನೆಂಟರು, ಅವತ್ತು ಆಗಲಿಲ್ಲ ಎನ್ನಿ. ‘ಹೋಯ್ತು ಬಿಡು, ಈ ವರ್ಷಾನೂ ಆಗ್ಲಿಲ್ಲ’ ಎಂದು ಕೈಚೆಲ್ಲುವುದಕ್ಕೆ ಅದು ಕಾರಣವಾಗಬೇಕಿಲ್ಲ.

ಅಭ್ಯಾಸ ಅಂಟುವುದು ಅದನ್ನು ಈಗಾಗಲೇ ಇರುವ ಕೆಲಸವೊಂದಕ್ಕೆ ಗಂಟು ಹಾಕಿದಾಗ. ‘ದಿನಾ ವ್ಯಾಯಾಮ ಮಾಡ್ತೀನಿ’ ಎಂಬುದು ಎಲ್ಲೂ ಅಂಟುವುದಿಲ್ಲ. ‘ಹಾಲು ಕಾಯಲು ಇಟ್ಟ ಕೂಡಲೇ ಕಟ್ಟೆ ಹಿಡಿದು ಹತ್ತು ಸಲ ಹಿಮ್ಮಡಿ ಎತ್ತುತ್ತೇನೆ’ ಎಂಬುದು ಅಂಟುತ್ತದೆ, ಹಾಲು ದಿನಾ ಕಾಯುತ್ತದಲ್ಲ. ಧಾರಾವಾಹಿಯ ಜಾಹೀರಾತು ಬಂದಾಗ ಕುರ್ಚಿಯಿಂದ ಎದ್ದು ಕೂರುವುದು, ಮಲಗುವ ಮುನ್ನ ಹಾಸಿಗೆಯಲ್ಲೇ ಟವೆಲ್ ಸುರುಳಿ, ಇವೂ ಅದೇ ಜಾತಿ.

ನಡಿಗೆ ಮತ್ತು ತಟ್ಟೆ

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯ ಹುಟ್ಟು 1965ರ ಜಪಾನಿನಲ್ಲಿ. ‘ಮಾನ್ಪೋ ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಅಳತೆಗೋಲು, ಎಂಬ ಹೆಸರಿನ ಯಂತ್ರ ಮಾರಲು ಹುಟ್ಟಿದ ಸಂಖ್ಯೆ ಅದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ 60 ದಾಟಿದವರಿಗೆ 6,000ದಿಂದ 8,000 ಹೆಜ್ಜೆಗೆ ಆಯುಸ್ಸಿನ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೆಜ್ಜೆ ಎಣಿಸುವುದಿಲ್ಲ: ವಾರಕ್ಕೆ 150ರಿಂದ 300 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಸೇರುತ್ತದೆ. ಪಾರ್ಕಿನ ನಮ್ಮ ಮಂದಿ ಮೊದಲನೆಯದನ್ನು ಮಾಡುತ್ತಾರೆ, ಉಳಿದೆರಡನ್ನು ಮರೆಯುತ್ತಾರೆ.

ಸ್ನಾಯು ಕಟ್ಟಲು ಇಟ್ಟಿಗೆ ಬೇಕು, ಅಂದರೆ ಪ್ರೋಟೀನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದೇಹತೂಕದ ಕಿಲೋಗೆ 0.83 ಗ್ರಾಂ, 60 ಕಿಲೋದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಅನ್ನ ತಿಳಿಸಾರಿನ ತಟ್ಟೆಯಲ್ಲಿ ಇದು ಸುಲಭವಾಗಿ ಕೂಡಿಬರುವುದಿಲ್ಲ. ಜನವರಿ ಅವರೆಕಾಯಿಯ ಕಾಲ. ಹಿತಕಿದ ಬೇಳೆ, ಮೊಸರು, ಮೊಳಕೆ ಕಾಳು, ತಿನ್ನುವವರಿಗೆ ಮೊಟ್ಟೆ, ಮೀನು ಇದ್ದೇ ಇವೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಯಾರ ಹತ್ತಿರ, ಎಷ್ಟು ದಿನ?

ಫಿಸಿಯೋಥೆರಪಿಸ್ಟ್ ಎಂದರೆ ಬಿಪಿಟಿ ಪದವಿ, ಅಥವಾ ಅದರ ಮೇಲೆ ಎಂಪಿಟಿ ಓದಿದವರು. 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಯನ್ನೂ ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ತಂದಿದೆ. ಮಸಾಜ್ ಮಾಡುವವರು, ಜಿಮ್ ಟ್ರೇನರ್, ಮೂಳೆ ಕಟ್ಟುವವರು ಬೇರೆ ಬೇರೆ. ಓದು ಏನೆಂದು ಕೇಳುವುದರಲ್ಲಿ ಸಂಕೋಚ ಬೇಡ. ಖಾಸಗಿ ಕ್ಲಿನಿಕ್ಕಿನ ದಿನದ ಫೀಸು ಕೈಗೆ ಎಟುಕದವರು ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ಕೇಳಿ ನೋಡಬಹುದು.

ಚೀಟಿಯಲ್ಲಿ ಬರೆದ ‘10 ದಿನ’ ಎಂಬುದು ಆ್ಯಂಟಿಬಯಾಟಿಕ್ ಕೋರ್ಸಿನಂತಲ್ಲ. ಅಷ್ಟು ದಿನದಲ್ಲಿ ನೋವು ತಗ್ಗಿ, ಏನು ಮಾಡಬೇಕೆಂದು ಕಲಿತರೆ ಅದರ ಕೆಲಸ ಮುಗಿಯಿತು. ಬಲ ಬರುವುದು ಆಮೇಲಿನ ಎರಡು ಮೂರು ತಿಂಗಳಲ್ಲಿ, ಮನೆಯಲ್ಲಿ. ಆದ್ದರಿಂದ ಕೊನೆಯ ದಿನ ಬರಿಗೈಯಲ್ಲಿ ಬರಬೇಡಿ. ಯಾವ ವ್ಯಾಯಾಮ, ಎಷ್ಟು ಸಲ, ಯಾವಾಗ ಹೆಚ್ಚಿಸಬೇಕು, ಯಾವ ನೋವಿಗೆ ನಿಲ್ಲಿಸಬೇಕು ಎಂದು ಬರೆಸಿಕೊಳ್ಳಿ. ನೀವು ಮಾಡುವುದನ್ನು ಅವರ ಕೈಯಲ್ಲೇ ನಿಮ್ಮ ಫೋನಿನಲ್ಲಿ ವಿಡಿಯೋ ಮಾಡಿಸಿಕೊಂಡರೆ ಇನ್ನೂ ವಾಸಿ. ಆರು ವಾರ ಬಿಟ್ಟು ಮತ್ತೆ ತೋರಿಸಲು ಹೋಗುವ ದಿನ, ಕ್ಯಾಲೆಂಡರಿನಲ್ಲಿ ಬರೆದಿಟ್ಟ ಕುರ್ಚಿಯ ಸಂಖ್ಯೆಯನ್ನೂ ಅವತ್ತಿನ ಹೊಸ ಸಂಖ್ಯೆಯನ್ನೂ ಒಟ್ಟಿಗೆ ಒಯ್ಯಿರಿ.